ದಮ್ಮು ಅಳೆಯುವ ಪರೀಕ್ಷೆಗಳು: ಲ್ಯಾಬ್‌ಗೆ ದುಡ್ಡು ಕೊಡಬೇಕೇ, ಮೈದಾನವೇ ಸಾಕೇ?

ಬೆಂಗಳೂರಿನ ಯಾವುದೇ ಓಟಗಾರರ ಗುಂಪಿಗೆ ಹೋಗಿ, 'ನಿಮ್ಮ ವಿಒ2 ಮ್ಯಾಕ್ಸ್ ಎಷ್ಟು?' ಎಂದು ಕೇಳಿ ನೋಡಿ. ಒಬ್ಬರು ಕೈಗಡಿಯಾರ ತೋರಿಸುತ್ತಾರೆ, ಇನ್ನೊಬ್ಬರು ಆಸ್ಪತ್ರೆಯ ಟಿಎಂಟಿ (ಟ್ರೆಡ್‌ಮಿಲ್ ಮೇಲಿನ ಹೃದಯ ತಪಾಸಣೆ) ರಿಪೋರ್ಟ್ ನೆನಪಿಸಿಕೊಳ್ಳುತ್ತಾರೆ, ಕ್ರಿಕೆಟ್ ಆಡುವವರು ಯೋ-ಯೋ ಲೆವೆಲ್ ಹೇಳುತ್ತಾರೆ. ಎಲ್ಲರೂ ಒಂದೇ ಸಂಗತಿಯ ಬಗ್ಗೆ ಮಾತಾಡುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಆದರೆ ಅಳತೆಗೋಲು ಒಬ್ಬೊಬ್ಬರದು ಒಂದೊಂದು. ಒಂದೇ ವ್ಯಕ್ತಿ ಈ ಪರೀಕ್ಷೆಗಳನ್ನೆಲ್ಲ ಒಂದೇ ವಾರದಲ್ಲಿ ಮಾಡಿದರೂ ಅಂಕಿಗಳ ನಡುವೆ ಐದಾರು ಅಂಶದ ಅಂತರ ಬಂದರೆ ಅಚ್ಚರಿಯಿಲ್ಲ. ಹಾಗಾಗಿ ಯಾವ ಪರೀಕ್ಷೆ ಏನನ್ನು ಅಳೆಯುತ್ತದೆ, ಎಲ್ಲಿ ಎಡವುತ್ತದೆ, ಯಾರಿಗೆ ಹೊಂದುತ್ತದೆ ಎಂದು ಇಲ್ಲಿ ಒರೆಗೆ ಹಚ್ಚಿದ್ದೇವೆ.

ವಿಒ2 ಮ್ಯಾಕ್ಸ್, ಅಂದರೆ ನಾವು ದಮ್ಮು ಎನ್ನುವುದು, ಇಷ್ಟು: ಇನ್ನು ಆಗದು ಎನ್ನುವಷ್ಟು ದುಡಿಯುವಾಗ ದೇಹ ಪ್ರತಿ ಕಿಲೋ ತೂಕಕ್ಕೆ, ಒಂದು ನಿಮಿಷದಲ್ಲಿ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು. ಹೃದಯ ಎಷ್ಟು ರಕ್ತ ತಳ್ಳುತ್ತದೆ, ಆ ರಕ್ತದಿಂದ ಸ್ನಾಯುಗಳು ಎಷ್ಟು ಆಮ್ಲಜನಕ ಹೀರಿಕೊಳ್ಳುತ್ತವೆ, ಇವೆರಡರ ಗುಣಲಬ್ಧವೇ ಈ ಅಂಕಿ. ಓಡುವವರ ಉಸಿರನ್ನು ಚೀಲದಲ್ಲಿ ಹಿಡಿದು ಇದನ್ನು ಮೊದಲು ಸರಿಯಾಗಿ ಗುರುತಿಸಿದವರಲ್ಲಿ ಇಂಗ್ಲೆಂಡಿನ ಎ.ವಿ. ಹಿಲ್ ಪ್ರಮುಖರು, ಅದು 1920ರ ದಶಕದ ಮಾತು. ಇಂದಿಗೂ ಉಸಿರನ್ನು ಅಳೆಯುವ ಪರೀಕ್ಷೆ ಮಾತ್ರ ನಿಜವಾದ ಅಳತೆ. ಉಳಿದವೆಲ್ಲ ವೇಗದಿಂದಲೋ ದೂರದಿಂದಲೋ ನಾಡಿಯಿಂದಲೋ ಕಟ್ಟಿದ ಅಂದಾಜು.

ಲ್ಯಾಬ್ ಪರೀಕ್ಷೆ: ಮಾಡಿಸಿದರೆ ಹೀಗೆ ಮಾಡಿಸಿ

ಮುಖಕ್ಕೆ ಮಾಸ್ಕ್, ಎದೆಗೆ ಹೃದಯ ಬಡಿತದ ಪಟ್ಟಿ, ಕಾಲಡಿಗೆ ಟ್ರೆಡ್‌ಮಿಲ್. ವೇಗವನ್ನೋ ಏರನ್ನೋ ಪ್ರತಿ ನಿಮಿಷ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗುತ್ತಾರೆ. ಬೆವರಿಳಿಸುವ ಭಾಗ 8ರಿಂದ 12 ನಿಮಿಷಕ್ಕೆ ಮುಗಿಯಬೇಕು. ಅದಕ್ಕಿಂತ ಬೇಗ ಮುಗಿದರೆ ಹೃದಯ ತನ್ನ ಗರಿಷ್ಠಕ್ಕೆ ಏರುವ ಮೊದಲೇ ಕಾಲು ಸೋಲುತ್ತದೆ. ತೀರಾ ಎಳೆದರೆ ಮೈ ಕಾದು, ಬೇಸರ ಹತ್ತಿ, ಗರಿಷ್ಠ ಮುಟ್ಟದೆಯೇ ನಿಲ್ಲಿಸುತ್ತೀರಿ. ಎಲ್ಲರಿಗೂ ಒಂದೇ ಪ್ರೋಟೋಕಾಲ್ (ವೇಗ, ಏರು ಹೆಚ್ಚಿಸುವ ಕ್ರಮ) ಹಾಕುವ ಲ್ಯಾಬ್ ಆದರೆ ಅಲ್ಲೇ ಅನುಮಾನಪಡಿ. ನಿಮ್ಮ 5 ಅಥವಾ 10 ಕಿ.ಮೀ. ಸಮಯ ಕೇಳಿ ಆರಂಭದ ವೇಗ ನಿರ್ಧರಿಸುವವರು ಕೆಲಸ ಬಲ್ಲವರು.

ಯಂತ್ರವನ್ನು ಅಂದಿನ ದಿನವೇ ಹೊಂದಿಸಿದ್ದಾರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಗಾಳಿಯ ಪ್ರಮಾಣಕ್ಕೆ 3 ಲೀಟರ್‌ನ ಸಿರಿಂಜ್‌ನಿಂದ ಪರೀಕ್ಷೆ. ಅನಿಲಕ್ಕೆ ಒಂದು ಕಡೆ ಹೊರಗಿನ ಗಾಳಿ, ಅಂದರೆ 20.93% ಆಮ್ಲಜನಕ, ಇನ್ನೊಂದು ಕಡೆ ಸುಮಾರು 16% ಆಮ್ಲಜನಕ, 4–5% ಇಂಗಾಲದ ಡೈಆಕ್ಸೈಡ್ ಇರುವ ಸಿಲಿಂಡರ್. ಕಿಟಕಿ ಮುಚ್ಚಿದ ಚಿಕ್ಕ ಕೋಣೆಯಲ್ಲಿ ಮೂರ್ನಾಲ್ಕು ಜನ ಉಸಿರಾಡುತ್ತಾ ನಿಂತಿದ್ದರೆ 'ಹೊರಗಿನ ಗಾಳಿ' ಎನ್ನುವ ಲೆಕ್ಕವೇ ಕೆಡುತ್ತದೆ. ಮಾಸ್ಕ್ ಸೋರಿದರೆ ಅಂಕಿ ಕಡಿಮೆ ಬರುತ್ತದೆ. ದಟ್ಟ ಗಡ್ಡವಿದ್ದವರಿಗೆ ಇದು ಮಾಮೂಲಿ ತೊಂದರೆ. ಹಾಕಿಕೊಂಡ ಮೇಲೆ ಮುಂದಿನ ತೂತನ್ನು ಅಂಗೈಯಿಂದ ಮುಚ್ಚಿ ಜೋರಾಗಿ ಊದಿ. ಮೂಗಿನ ಪಕ್ಕದಲ್ಲೋ ಗಲ್ಲದ ಕೆಳಗೋ ಗಾಳಿ ನುಸುಳಿದರೆ ಬೇರೆ ಅಳತೆಯ ಮಾಸ್ಕ್ ಕೇಳಿ.

ನೀವು ನಿಜಕ್ಕೂ ಗರಿಷ್ಠ ಮುಟ್ಟಿದಿರೋ ಇಲ್ಲವೋ ಎನ್ನುವುದೇ ರಿಪೋರ್ಟಿನಲ್ಲಿ ನೋಡಬೇಕಾದ ಮುಖ್ಯ ವಿಷಯ. ಕೆಲಸದ ಹೊರೆ ಏರಿದರೂ ಆಮ್ಲಜನಕ ಬಳಕೆ ಏರದೆ ಸಮತಟ್ಟಾಗಬೇಕು. ಎರಡು ಹಂತಗಳ ನಡುವಿನ ಏರಿಕೆ ನಿಮಿಷಕ್ಕೆ 150 ಮಿಲಿಲೀಟರ್‌ಗಿಂತ ಕಡಿಮೆ ಎನ್ನುವುದು ಹಳೆಯ ಅಳತೆ. ಈ ಸಮತಟ್ಟು ಎಲ್ಲರಲ್ಲೂ ಕಾಣುವುದಿಲ್ಲ. ಆಗ ಉಳಿದ ಸಾಕ್ಷಿಗಳನ್ನು ನೋಡುತ್ತಾರೆ: ಬಿಟ್ಟ ಇಂಗಾಲದ ಡೈಆಕ್ಸೈಡ್ ಮತ್ತು ಬಳಸಿದ ಆಮ್ಲಜನಕದ ಅನುಪಾತ 1.10 ದಾಟಿರಬೇಕು, ರಕ್ತದ ಲ್ಯಾಕ್ಟೇಟ್ (ಜೋರಾಗಿ ದುಡಿಯುವಾಗ ಸ್ನಾಯುಗಳಿಂದ ರಕ್ತಕ್ಕೆ ಸೇರುವ ವಸ್ತು) ಲೀಟರಿಗೆ 8 ಮಿಲಿಮೋಲ್ ಮೀರಿರಬೇಕು, ಹೃದಯ ಬಡಿತ ವಯಸ್ಸಿಗೆ ತಕ್ಕ ಗರಿಷ್ಠದ ಹತ್ತಿರ ಇರಬೇಕು. ಈ ಮೂರರಲ್ಲಿ ಹೃದಯ ಬಡಿತದ ಸಾಕ್ಷಿ ಅತಿ ದುರ್ಬಲ, ಏಕೆಂದರೆ ಒಂದೇ ವಯಸ್ಸಿನ ಇಬ್ಬರ ಗರಿಷ್ಠ ಬಡಿತದಲ್ಲಿ 20ರ ಅಂತರ ಸಹಜ. ಒಳ್ಳೆಯ ಲ್ಯಾಬ್‌ಗಳು ಹತ್ತು–ಹದಿನೈದು ನಿಮಿಷ ಸುಧಾರಿಸಿಕೊಳ್ಳಲು ಬಿಟ್ಟು, ಮುಟ್ಟಿದ ಗರಿಷ್ಠಕ್ಕಿಂತ ಸ್ವಲ್ಪ ಮೇಲಿನ ಹೊರೆಯಲ್ಲಿ ಇನ್ನೊಂದು ಚಿಕ್ಕ ಓಟ ಓಡಿಸುತ್ತವೆ. ಎರಡನೆಯ ಸಲವೂ ಅದೇ ಅಂಕಿ ಬಂದರೆ ನಂಬಬಹುದು.

ಇನ್ನೊಂದು ಸಣ್ಣ ಮೋಸ ಇದೆ, ಬಹುಪಾಲು ತಿಳಿಯದೆ ಆಗುವಂಥದ್ದು. ಉಸಿರು ಉಸಿರಿಗೂ ಬರುವ ಅಂಕಿಗಳು ತುಂಬ ಏರಿಳಿಯುತ್ತವೆ. ಅವುಗಳಲ್ಲಿ ಅತಿ ಎತ್ತರದ ಒಂದನ್ನು ಹೆಕ್ಕಿ 'ಇದೇ ನಿಮ್ಮ ಗರಿಷ್ಠ' ಎಂದರೆ ಮೂರ್ನಾಲ್ಕು ಅಂಶ ಬಿಟ್ಟಿ ಸಿಗುತ್ತದೆ. 30 ಸೆಕೆಂಡಿನ ಸರಾಸರಿ ಕೊಡಿ ಎಂದು ಕೇಳಿ.

ಅಷ್ಟೆಲ್ಲ ಸರಿಯಾಗಿ ಮಾಡಿದರೂ ದಿನದಿಂದ ದಿನಕ್ಕೆ ದೇಹವೇ 3ರಿಂದ 5% ಹೊಯ್ದಾಡುತ್ತದೆ. 50 ಇದ್ದದ್ದು ಮೂರು ತಿಂಗಳ ತರಬೇತಿಯ ನಂತರ 51.5 ಆದರೆ ಹಿಗ್ಗಬೇಕಿಲ್ಲ. ಅದರಲ್ಲೂ ತೂಕ ನೋಡಿ: ನಿಮಿಷಕ್ಕೆ 3500 ಮಿಲಿಲೀಟರ್ ಬಳಸುವ 70 ಕಿಲೋದ ವ್ಯಕ್ತಿಯ ಅಂಕಿ 50. ಬೇರೇನೂ ಬದಲಾಗದೆ ಎರಡು ಕಿಲೋ ಇಳಿದರೂ ಅದೇ ಅಂಕಿ 51.5. ರಿಪೋರ್ಟಿನಲ್ಲಿ ಪ್ರತಿ ಕಿಲೋ ಲೆಕ್ಕದ ಜೊತೆ ಒಟ್ಟು ಲೀಟರ್ ಲೆಕ್ಕವೂ ಇರಲೇಬೇಕು ಎನ್ನುವುದು ಇದಕ್ಕೇ.

ನಮ್ಮ ಅಭಿಪ್ರಾಯ: ಬರೀ ಒಂದು ಅಂಕಿಗಾಗಿ ಲ್ಯಾಬ್‌ಗೆ ದುಡ್ಡು ಸುರಿಯುವುದು ದಂಡ. ಉಸಿರಾಟದ ಎರಡು ಹೊಸ್ತಿಲುಗಳು, ಅಂದರೆ ಹೊರೆ ಏರಿದಂತೆ ಉಸಿರು ಒಮ್ಮೆಲೇ ಬಿರುಸಾಗುವ ಎರಡು ಹಂತಗಳು, ಯಾವ ವೇಗ, ಯಾವ ಹೃದಯ ಬಡಿತದಲ್ಲಿ ಬಂದವು ಎನ್ನುವುದನ್ನೂ ಬರೆದುಕೊಡುವುದಾದರೆ ಮಾತ್ರ ಹೋಗಿ. ತರಬೇತಿಯ ವೇಗಗಳನ್ನು ಹೊಂದಿಸಲು ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಟಿಎಂಟಿ ಇದಲ್ಲ

ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಬರುವ ಟಿಎಂಟಿಯನ್ನು ದಮ್ಮಿನ ಪರೀಕ್ಷೆ ಎಂದು ತಿಳಿಯುವವರು ಬಹಳ. ಅದರ ಉದ್ದೇಶ ಬೇರೆ: ಹೃದಯದ ಮೇಲೆ ಹೊರೆ ಹಾಕಿ ಇಸಿಜಿಯಲ್ಲಿ ರಕ್ತ ಸಾಲದ ಗುರುತು ಕಾಣುತ್ತದೆಯೇ ಎಂದು ನೋಡುವುದು. ಸಾಮಾನ್ಯವಾಗಿ ಬಳಸುವುದು ಅಮೆರಿಕದ ಸಿಯಾಟಲ್‌ನ ವೈದ್ಯ ರಾಬರ್ಟ್ ಬ್ರೂಸ್ ರೂಪಿಸಿದ ಪ್ರೋಟೋಕಾಲ್. ಮೂರು ಮೂರು ನಿಮಿಷದ ಹಂತಗಳು: ಮೊದಲು ಗಂಟೆಗೆ 2.7 ಕಿ.ಮೀ. ವೇಗ, 10% ಏರು. ಆಮೇಲೆ 4 ಕಿ.ಮೀ., 12%, ನಂತರ 5.5 ಕಿ.ಮೀ., 14%, ನಾಲ್ಕನೆಯದು 6.8 ಕಿ.ಮೀ., 16%. ಈ ಜಿಗಿತಗಳು ದೊಡ್ಡವು. ನಾಲ್ಕನೆಯ ಹಂತದಲ್ಲಿ ನಡೆಯುವುದೂ ಕಷ್ಟ, ಓಡುವುದೂ ಕಷ್ಟ. ಅಲ್ಲಿ ಬಹಳ ಜನ ಉಸಿರಿಗಿಂತ ಮೊದಲು ಮೀನಖಂಡ ಬಿಗಿದು ಸೋಲುತ್ತಾರೆ. ಎಷ್ಟೋ ಕಡೆ ಗುರಿಯ ಹೃದಯ ಬಡಿತ, ಅಂದರೆ ವಯಸ್ಸಿನ ಗರಿಷ್ಠದ 85%, ಮುಟ್ಟಿದ ಕೂಡಲೇ ಬೆಲ್ಟ್ ನಿಲ್ಲಿಸುತ್ತಾರೆ. ಹೃದಯದ ತಪಾಸಣೆಗೆ ಅದು ಸಾಕಾಗಬಹುದು, ದಮ್ಮು ಅಳೆಯಲು ಸಾಲದು.

ರಿಪೋರ್ಟಿನ ಕೊನೆಯಲ್ಲಿ 'ಮೆಟ್ಸ್' ಎಂಬ ಅಂಕಿ ಇರುತ್ತದೆ, ಸುಮ್ಮನೆ ಕೂತಾಗ ಬಳಸುವ ಆಮ್ಲಜನಕದ ಎಷ್ಟು ಪಟ್ಟು ಬಳಸಿದಿರಿ ಎನ್ನುವ ಲೆಕ್ಕ. ಅದನ್ನು 3.5ರಿಂದ ಗುಣಿಸಿ ವಿಒ2 ಮ್ಯಾಕ್ಸ್ ಎನ್ನುವುದು ರೂಢಿ. ಇಲ್ಲೇ ಲೆಕ್ಕ ಉಬ್ಬುವುದು. ಮೂರು ಹಂತ, ಒಟ್ಟು 9 ನಿಮಿಷ ಮುಗಿಸಿದ ಗಂಡಸಿಗೆ ಯಂತ್ರ ವೇಗ ಮತ್ತು ಏರಿನಿಂದ ಲೆಕ್ಕ ಹಾಕಿ ಸುಮಾರು 10.2 ಮೆಟ್ಸ್ ತೋರಿಸುತ್ತದೆ, ಗುಣಿಸಿದರೆ 35.6. ಅದೇ 9 ನಿಮಿಷವನ್ನು, ನಿಜವಾಗಿ ಉಸಿರು ಅಳೆದು ಕಟ್ಟಿದ ಗಂಡಸರ ಸೂತ್ರಕ್ಕೆ ಹಾಕಿದರೆ ಬರುವುದು 30.2. (ಸೂತ್ರ: 14.8ರಿಂದ ನಿಮಿಷದ 1.379 ಪಟ್ಟು ಕಳೆದು, ನಿಮಿಷದ ವರ್ಗದ 0.451 ಪಟ್ಟು ಕೂಡಿಸಿ, ಘನದ 0.012 ಪಟ್ಟು ಕಳೆಯಿರಿ. ಹೆಂಗಸರಿಗೆ ಸರಳ: ನಿಮಿಷವನ್ನು 4.38ರಿಂದ ಗುಣಿಸಿ 3.9 ಕಳೆಯಿರಿ.) ಈ ಅಂತರಕ್ಕೆ ಕಾರಣವೂ ಸರಳ. ಯಂತ್ರದ ಲೆಕ್ಕ ನೀವು ಆ ವೇಗಕ್ಕೆ ಪೂರ್ತಿ ಹೊಂದಿಕೊಂಡು ಸ್ಥಿರವಾಗಿದ್ದೀರಿ ಎಂದು ಭಾವಿಸುತ್ತದೆ. ಕೊನೆಯ ಹಂತದಲ್ಲಿ ಯಾರೂ ಸ್ಥಿರವಾಗಿರುವುದಿಲ್ಲ. ಇದರ ಜೊತೆಗೆ ಮುಂದಿನ ಕಂಬಿ ಹಿಡಿದು ತೂಗಿಕೊಂಡು ನಡೆದರೆ ಇನ್ನೂ ಎರಡು ಮೂರು ನಿಮಿಷ ಎಳೆಯಬಹುದು, ಅಂಕಿ ಇನ್ನಷ್ಟು ಉಬ್ಬುತ್ತದೆ. ಸಮತೋಲ ತಪ್ಪದಿರಲು ಒಂದು ಬೆರಳು ಇಟ್ಟುಕೊಳ್ಳಿ, ಸಾಕು.

ಆಸ್ಪತ್ರೆಯಲ್ಲೇ ಉಸಿರು ಅಳೆಯುವ ಪರೀಕ್ಷೆ ಬೇಕಿದ್ದರೆ ಸಿಪಿಇಟಿ ಎಂದು ಕೇಳಿ. ಹೃದ್ರೋಗ ಅಥವಾ ಶ್ವಾಸಕೋಶದ ವಿಭಾಗ ದೊಡ್ಡದಾಗಿರುವ ಕಡೆ ಸಿಗುತ್ತದೆ. ನಲವತ್ತು ದಾಟಿದವರು, ಬಿಪಿ–ಸಕ್ಕರೆ ಇರುವವರು, ಮನೆಯಲ್ಲಿ ಹೃದಯಾಘಾತದ ಇತಿಹಾಸ ಇರುವವರು ಮುಂದೆ ಹೇಳುವ ಮೈದಾನದ ಪರೀಕ್ಷೆಗಳಿಗೆ ಇಳಿಯುವ ಮೊದಲು ವೈದ್ಯರನ್ನು ಕಾಣಲೇಬೇಕು. ಅಲ್ಲಿ ಟಿಎಂಟಿಗೆ ತನ್ನದೇ ಆದ ಬೆಲೆ ಇದೆ.

ಸೈಕಲ್ ಮೇಲಿನ ಪರೀಕ್ಷೆಯ ಬಗ್ಗೆ ಒಂದೆರಡು ಮಾತು. ಮಂಡಿ ನೋವಿನವರಿಗೆ, ತೂಕ ಹೆಚ್ಚಿರುವವರಿಗೆ ಇದೇ ಒಳ್ಳೆಯದು. ಬೀಳುವ ಭಯವಿಲ್ಲ, ಹೊರೆ ವಾಟ್‌ನಲ್ಲಿ ಕರಾರುವಾಕ್ಕಾಗಿ ಸಿಗುತ್ತದೆ, ನಿಮಿಷಕ್ಕೆ 15ರಿಂದ 25 ವಾಟ್ ಏರಿಸುತ್ತಾ ಹೋಗುತ್ತಾರೆ. ಆದರೆ ದಿನವೂ ಸೈಕಲ್ ತುಳಿಯದವರಿಗೆ ಟ್ರೆಡ್‌ಮಿಲ್‌ಗಿಂತ ಸುಮಾರು 5ರಿಂದ 15% ಕಡಿಮೆ ಬರುತ್ತದೆ, ಏಕೆಂದರೆ ಹೃದಯ ದಣಿಯುವ ಮೊದಲೇ ತೊಡೆ ಉರಿದು ನಿಲ್ಲಿಸಬೇಕಾಗುತ್ತದೆ. ಸೈಕಲ್‌ನ ಅಂಕಿಯನ್ನು ಓಟದ ಅಂಕಿಯ ಪಕ್ಕ ಇಡಬೇಡಿ.

ಕೂಪರ್ 12 ನಿಮಿಷ: ಒಂಟಿ ಓಟಗಾರನಿಗೆ ಇದೇ ಮೊದಲ ಆಯ್ಕೆ

ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ್ದು. 12 ನಿಮಿಷದಲ್ಲಿ ಆದಷ್ಟು ದೂರ ಓಡಬೇಕು, ಅಷ್ಟೆ. ಮೀಟರಿನಲ್ಲಿ ಬಂದ ದೂರದಿಂದ 504.9 ಕಳೆದು 44.73ರಿಂದ ಭಾಗಿಸಿ. 2000 ಮೀಟರ್ ಓಡಿದರೆ 33.4, 2400 ಓಡಿದರೆ 42.4, 2800 ಓಡಿದರೆ 51.3. ಪ್ರತಿ 100 ಮೀಟರ್‌ಗೆ ಎರಡೂಕಾಲು ಅಂಶದ ಹತ್ತಿರ.

ಇಷ್ಟು ಅಗ್ಗದ ಪರೀಕ್ಷೆ ಇಷ್ಟು ಚೆನ್ನಾಗಿ ಹೊಂದುತ್ತದೆ ಎನ್ನುವುದೇ ಇದರ ಹೆಚ್ಚುಗಾರಿಕೆ. ಕೂಪರ್ ಅಳೆದ ಸೈನಿಕರಲ್ಲಿ ದೂರಕ್ಕೂ ಲ್ಯಾಬಿನ ಅಂಕಿಗೂ 0.9ರಷ್ಟು ನಂಟು (ಪೂರ್ತಿ ಹೊಂದಿದರೆ 1) ಇತ್ತು. ಅವರು ಓಡಿ ಅಭ್ಯಾಸವಿದ್ದ, ಓಡಲೇಬೇಕೆಂಬ ಆಜ್ಞೆಯಿದ್ದ ಜನ ಎನ್ನುವುದನ್ನು ಮರೆಯುವಂತಿಲ್ಲ. ಮೊದಲ ಸಲ ಓಡುವವರು ಎಡವುವುದು ಒಂದೇ ಕಡೆ, ಅದು ಆರಂಭದ ವೇಗ. ಮೊದಲ ಸುತ್ತು ಕುದುರೆಯಂತೆ ಓಡಿ, ನಾಲ್ಕನೆಯ ನಿಮಿಷಕ್ಕೆ ನಡೆಯತೊಡಗಿದರೆ ಆ ದಿನದ ಅಂಕಿಗೆ ಬೆಲೆಯಿಲ್ಲ. 2400 ಮೀಟರ್ ಗುರಿಯಿದ್ದರೆ 400 ಮೀಟರ್‌ನ ಸುತ್ತನ್ನು ಸರಿಯಾಗಿ 2 ನಿಮಿಷಕ್ಕೆ ಕಟ್ಟಿ. ಕೊನೆಯ ಎರಡು ನಿಮಿಷದಲ್ಲಿ ಉಳಿದದ್ದನ್ನು ಖಾಲಿ ಮಾಡಿ. ಒಂದು ವಾರ ಬಿಟ್ಟು ಎರಡನೆಯ ಸಲ ಓಡಿ. ವೇಗ ಕಟ್ಟುವುದನ್ನು ಕಲಿತ ಮೇಲಿನ ಆ ಎರಡನೆಯ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಕಂಠೀರವದಂತಹ ಟ್ರ್ಯಾಕ್ ಆಗಲಿ, ಜಿಲ್ಲಾ ಕ್ರೀಡಾಂಗಣದ ಮಣ್ಣಿನ ಟ್ರ್ಯಾಕ್ ಆಗಲಿ, ಯಾವ ಲೇನ್‌ನಲ್ಲಿ ಓಡುತ್ತಿದ್ದೀರಿ ನೋಡಿಕೊಳ್ಳಿ. 400 ಮೀಟರ್ ಇರುವುದು ಒಳಗಿನ ಲೇನ್ ಮಾತ್ರ. ಹೊರಗೆ ಹೋದಂತೆ ಒಂದೊಂದಕ್ಕೂ ಏಳು–ಏಳೂವರೆ ಮೀಟರ್ ಹೆಚ್ಚುತ್ತದೆ. ನಾಲ್ಕನೆಯ ಲೇನ್‌ನಲ್ಲಿ ಒಂದು ಸುತ್ತು ಸುಮಾರು 422 ಮೀಟರ್. ಆರು ಸುತ್ತು ಓಡಿ 2400 ಎಂದು ಬರೆದುಕೊಂಡರೆ 130 ಮೀಟರ್ ಕಳೆದುಕೊಂಡಿರಿ, ಅಂದರೆ ಮೂರು ಅಂಶ. ಫೋನಿನ ಜಿಪಿಎಸ್ ಮೇಲೆ ಬಿಡಬೇಡಿ. ತಿರುವುಗಳಲ್ಲಿ ಅದು ದಾರಿ ಕತ್ತರಿಸುತ್ತದೆ. ಸುತ್ತು ಎಣಿಸಿ, ಕೊನೆಯ ತುಂಡನ್ನು ಟ್ರ್ಯಾಕಿನ ಗುರುತು ನೋಡಿ ಅಂದಾಜಿಸಿ.

ದೂರ ಅಳೆಯುವುದು ಕಷ್ಟವೆನಿಸಿದರೆ ತಿರುಗಿಸಿ: 2.4 ಕಿ.ಮೀ. ಓಡಿ ಸಮಯ ನೋಡಿ, 483ನ್ನು ನಿಮಿಷದಿಂದ ಭಾಗಿಸಿ 3.5 ಕೂಡಿಸಿ. 12 ನಿಮಿಷಕ್ಕೆ 43.75 ಬರುತ್ತದೆ, ಕೂಪರ್ ಲೆಕ್ಕಕ್ಕಿಂತ 1.4 ಅಂಶ ಮಾತ್ರ ಹೆಚ್ಚು. ಪೊಲೀಸ್, ಸೇನೆಯ ನೇಮಕಾತಿಗೆ ತಯಾರಾಗುವವರು 1600 ಮೀಟರ್ ಸಮಯವನ್ನೇ ದಮ್ಮಿನ ಅಳತೆ ಎಂದುಕೊಳ್ಳುತ್ತಾರೆ. ಆರು ನಿಮಿಷದ ಆಸುಪಾಸಿನ ಓಟದಲ್ಲಿ ಸ್ನಾಯು ಆಮ್ಲಜನಕವಿಲ್ಲದೆ ಹುಟ್ಟಿಸುವ ಶಕ್ತಿಯ ಪಾಲೂ ಗಣನೀಯ. ಅಂಥ ಓಟದ ವೇಗವನ್ನು ಹಾಗೇ ಸೂತ್ರಕ್ಕೆ ಹಾಕಿದರೆ ಅಂಕಿ ಹೆಚ್ಚು ಬರುತ್ತದೆ. ಬಿಸಿಸಿಐ 2021ರಲ್ಲಿ ತಂದ 2 ಕಿ.ಮೀ. ಓಟ, ವೇಗದ ಬೌಲರ್‌ಗಳಿಗೆ 8 ನಿಮಿಷ 15 ಸೆಕೆಂಡ್, ದಮ್ಮಿಗೆ ಇದಕ್ಕಿಂತ ಹತ್ತಿರದ ಅಳತೆ.

ಊರಿನ ಎತ್ತರ ಮತ್ತು ಹವೆಯ ಮಾತೂ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಚೆನ್ನಾಗಿ ಪಳಗಿದ ಓಟಗಾರರಲ್ಲಿ, 300 ಮೀಟರ್‌ನಿಂದ ಮೇಲಕ್ಕೆ ಪ್ರತಿ 1000 ಮೀಟರ್‌ಗೆ 6%ರಷ್ಟು ದಮ್ಮು ಇಳಿಯುತ್ತದೆ. ಆ ಲೆಕ್ಕದಲ್ಲಿ ಮಂಗಳೂರಿನ 50, ಬೆಂಗಳೂರಿನಲ್ಲಿ 48. ಆದರೆ ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ರಕ್ತ ಚರ್ಮ ತಣಿಸಲು ಓಡುವುದರಿಂದ ಆ ಲಾಭವೆಲ್ಲ ಬೆವರಿನಲ್ಲಿ ಹರಿದುಹೋಗುತ್ತದೆ. ಕಲಬುರಗಿಯ ಬೇಸಿಗೆಯ ಸಂಜೆಗೂ ಡಿಸೆಂಬರ್ ಮುಂಜಾನೆಗೂ ಬಂದ ಅಂಕಿಗಳನ್ನು ಹೋಲಿಸುವುದು ವ್ಯರ್ಥ.

20 ಮೀಟರ್ ಬೀಪ್ ಟೆಸ್ಟ್: ಗುಂಪಿಗೆ ಇದನ್ನು ಮೀರಿದ್ದಿಲ್ಲ

ಕೆನಡಾದ ಲುಕ್ ಲೇಜೆ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ್ದು. 20 ಮೀಟರ್ ಅಂತರದ ಎರಡು ಗೆರೆಗಳ ನಡುವೆ ಬೀಪ್ ಸದ್ದಿಗೆ ತಕ್ಕಂತೆ ಓಡಬೇಕು. ಗಂಟೆಗೆ 8.5 ಕಿ.ಮೀ. ವೇಗದಿಂದ ಶುರುವಾಗಿ ಪ್ರತಿ ನಿಮಿಷಕ್ಕೆ ಅರ್ಧ ಕಿ.ಮೀ. ಏರುತ್ತದೆ. ಬೀಪ್‌ಗೆ ಸತತ ಎರಡು ಸಲ ಗೆರೆ ಮುಟ್ಟದಿದ್ದರೆ ಹೊರಗೆ. ದೊಡ್ಡವರ ಲೆಕ್ಕ: ಪೂರ್ತಿ ಮುಗಿಸಿದ ಕೊನೆಯ ಹಂತದ ವೇಗವನ್ನು 6ರಿಂದ ಗುಣಿಸಿ 27.4 ಕಳೆಯಿರಿ. 7ನೇ ಹಂತ ಎಂದರೆ 11.5 ಕಿ.ಮೀ., 41.6, 9ನೇ ಹಂತ ಎಂದರೆ 12.5 ಕಿ.ಮೀ., 47.6. ಹಂತಕ್ಕೆ ಮೂರು ಅಂಶ.

ಕೂಪರ್ ಓಟದಲ್ಲಿ ವೇಗ ಕಟ್ಟುವ ಜಾಣತನ ಬೇಕು. ಇಲ್ಲಿ ಬೀಪ್ ಅದನ್ನು ನಿಮಗಾಗಿ ಮಾಡುತ್ತದೆ. ಹಾಗಾಗಿ ಮಕ್ಕಳಿಗೆ, ಹೊಸಬರಿಗೆ, ಮೂವತ್ತು ಜನರ ತಂಡಕ್ಕೆ ಒಂದೇ ಸಲ ಮಾಡಿಸುವುದಕ್ಕೆ ಇದು ಹೇಳಿ ಮಾಡಿಸಿದ್ದು. ಬೇಕಾದದ್ದು ಅಳತೆ ಟೇಪು, ಕೋನ್‌ಗಳು, ಜೋರಾದ ಸ್ಪೀಕರ್.

ಕೆಡುವುದು ಬಹುತೇಕ ಟೇಪಿನಲ್ಲೇ. ಹೆಜ್ಜೆ ಹಾಕಿ ಅಂದಾಜಿಗೆ ಗೆರೆ ಎಳೆದು ಅದು 19 ಮೀಟರ್ ಆಗಿಬಿಟ್ಟರೆ 12.5 ಕಿ.ಮೀ. ಎಂದು ಬರೆದದ್ದು ನಿಜದಲ್ಲಿ 11.9, ಅಂಕಿಯಲ್ಲಿ ನಾಲ್ಕರ ಹತ್ತಿರ ಉಬ್ಬು. ಆ್ಯಪ್‌ಗಳಲ್ಲಿ 15 ಮೀಟರ್‌ನ ಧ್ವನಿಯೂ ಇರುತ್ತದೆ, 20 ಮೀಟರ್‌ನದೂ ಇರುತ್ತದೆ. ಮೊದಲ ಹಂತದಲ್ಲಿ ಎರಡು ಬೀಪ್‌ಗಳ ನಡುವೆ ಎಂಟೂವರೆ ಸೆಕೆಂಡ್ ಇದೆಯೇ ಎಂದು ಸ್ಟಾಪ್‌ವಾಚ್ ಹಿಡಿದು ನೋಡಿ (8.0ರಿಂದ ಶುರುವಾಗುವ ಆವೃತ್ತಿಯಾದರೆ 9 ಸೆಕೆಂಡ್). ಹುಲ್ಲು ಒದ್ದೆಯಿದ್ದರೆ, ಮೈದಾನ ಜಲ್ಲಿಯಾಗಿದ್ದರೆ ತಿರುಗುವಾಗ ಜಾರಿ ಹೆಜ್ಜೆ ಹಾಳು. ಒಳಾಂಗಣದ ಮರದ ನೆಲವೇ ಒಳ್ಳೆಯದು. ಸಾಲಿಗೊಬ್ಬರು ಗೆರೆಯ ಬಳಿ ನಿಂತು ಕಾಲು ಗೆರೆಗೆ ತಾಗಿತೇ ನೋಡಬೇಕು. ಇಲ್ಲದಿದ್ದರೆ ಅರ್ಧ ಮೀಟರ್ ಮೊದಲೇ ತಿರುಗುವ ಚಾಳಿ ಎಲ್ಲರಿಗೂ ಅಂಟುತ್ತದೆ. ಎತ್ತರದ, ಭಾರದ ಆಟಗಾರರಿಗೆ ಪ್ರತಿ ತಿರುವೂ ನಿಂತು ಮತ್ತೆ ಹೊರಡುವ ದುಬಾರಿ ಕೆಲಸ. ಅವರ ಅಂಕಿ ಟ್ರೆಡ್‌ಮಿಲ್‌ಗಿಂತ ಕಡಿಮೆ ಬಂದರೆ ದಮ್ಮು ಕಡಿಮೆ ಎಂದು ತೀರ್ಮಾನಿಸಬೇಡಿ.

ಯೋ-ಯೋ: ಒಳ್ಳೆಯ ಪರೀಕ್ಷೆ, ತಪ್ಪು ಪ್ರಶ್ನೆಗೆ

ಕ್ರಿಕೆಟ್ ಸುದ್ದಿಯಿಂದಾಗಿ ನಮ್ಮಲ್ಲಿ ಮನೆಮಾತಾದ ಪರೀಕ್ಷೆ ಇದು. ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೋ ಫುಟ್‌ಬಾಲಿಗಾಗಿ ರೂಪಿಸಿದ್ದು. 20 ಮೀಟರ್ ಹೋಗಿ 20 ಮೀಟರ್ ಬಂದು, 10 ಸೆಕೆಂಡ್ ಸುಧಾರಿಸಿಕೊಂಡು ಮತ್ತೆ ಓಟ. ಆ ಹತ್ತು ಸೆಕೆಂಡಿನಲ್ಲೂ ಐದು ಮೀಟರ್ ಆಚೆಯ ಕೋನ್ ಸುತ್ತಿ ಬರಬೇಕು. ಮೊದಲ ಮಟ್ಟದ ಪರೀಕ್ಷೆ 10 ಕಿ.ಮೀ. ವೇಗದಿಂದ ಶುರುವಾದರೆ, ಎರಡನೆಯ ಮಟ್ಟದ್ದು 13ರಿಂದ. ಬಹಳ ಜನ ಈ ಎರಡರ ಲೆವೆಲ್‌ಗಳನ್ನು ಬೆರೆಸಿ ಮಾತಾಡುತ್ತಾರೆ. ಭಾರತ ಕ್ರಿಕೆಟ್ ತಂಡದ ಪಾಸ್ ಗುರುತು ಎಂದು ಪತ್ರಿಕೆಗಳಲ್ಲಿ ಬಂದ 16.1 ಮೊದಲ ಮಟ್ಟದ್ದು, ಒಟ್ಟು 1120 ಮೀಟರ್ ಓಟ.

ಬಾಂಗ್ಸ್‌ಬೋ ತಂಡವೇ ಸೂತ್ರವನ್ನೂ ಕೊಟ್ಟಿದೆ: ದೂರವನ್ನು 0.0084ರಿಂದ ಗುಣಿಸಿ 36.4 ಕೂಡಿಸುವುದು. 16.1ಕ್ಕೆ 45.8. ಈ 36.4 ಎನ್ನುವ ಅಡಿಪಾಯವನ್ನೇ ಗಮನಿಸಿ. ಶೂನ್ಯ ಮೀಟರ್ ಓಡಿದವನಿಗೂ 36.4 ದಮ್ಮು! ಲ್ಯಾಬ್ ಅಂಕಿಗೂ ಇದಕ್ಕೂ ನಂಟು 0.7ರ ಆಸುಪಾಸು. ಕಾರಣ, ಇಲ್ಲಿ ಅಳೆಯುವುದು ಜೋರಾಗಿ ಓಡಿ ಬೇಗ ಸುಧಾರಿಸಿಕೊಂಡು ಮತ್ತೆ ಓಡುವ ಶಕ್ತಿ. ಫುಟ್‌ಬಾಲ್, ಹಾಕಿ, ಕಬಡ್ಡಿ ತರಬೇತುದಾರರಿಗೆ ಬೇಕಾದ್ದೂ ಅದೇ, ಆದ್ದರಿಂದ ಆ ಆಟಗಳಿಗೆ ಇದು ಬೀಪ್ ಟೆಸ್ಟ್‌ಗಿಂತ ಮೇಲು. ಫಲಿತಾಂಶವನ್ನು ಮೀಟರಿನಲ್ಲೇ ಬರೆದಿಡಿ, ವಿಒ2ಗೆ ತಿರುಗಿಸುವ ಗೋಜಿಗೆ ಹೋಗಬೇಡಿ.

ಓಡಲಾಗದವರಿಗೆ

ರಾಕ್‌ಪೋರ್ಟ್ ನಡಿಗೆ ನಮ್ಮ ಒಮ್ಮತದ ಆಯ್ಕೆ. ಒಂದು ಮೈಲಿ, ಅಂದರೆ ಒಳ ಲೇನ್‌ನಲ್ಲಿ ನಾಲ್ಕು ಸುತ್ತು ಮತ್ತು 9 ಮೀಟರ್, ಓಡದೆ ಆದಷ್ಟು ಬಿರುಸಾಗಿ ನಡೆಯಬೇಕು. ಮುಗಿಸಿದ ತಕ್ಷಣದ ಹೃದಯ ಬಡಿತ ಬೇಕು. ನಿಂತು ಅರ್ಧ ನಿಮಿಷ ಹರಟಿ ಆಮೇಲೆ ನಾಡಿ ಹಿಡಿದರೆ ಬಡಿತ ಇಳಿದು, ದಮ್ಮು ಇಲ್ಲದ್ದು ಇದೆ ಎಂದು ತೋರುತ್ತದೆ. ಎದೆಯ ಪಟ್ಟಿ ಇದ್ದರೆ ಉತ್ತಮ. ಲೆಕ್ಕ: 132.853ರಿಂದ ಕಿಲೋ ತೂಕದ 0.1695 ಪಟ್ಟು, ವಯಸ್ಸಿನ 0.3877 ಪಟ್ಟು, ನಿಮಿಷದ 3.2649 ಪಟ್ಟು, ಬಡಿತದ 0.1565 ಪಟ್ಟು ಕಳೆಯಿರಿ, ಗಂಡಸಾದರೆ 6.315 ಕೂಡಿಸಿ. 45 ವರ್ಷದ, 70 ಕಿಲೋದ ಗಂಡಸು 15 ನಿಮಿಷದಲ್ಲಿ ಮುಗಿಸಿ ಬಡಿತ 130 ಇದ್ದರೆ ಬರುವುದು 40.5. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಈ ಸೂತ್ರವೂ, ನಾಡಿ ನಂಬಿದ ಬೇರೆ ಯಾವ ಸೂತ್ರವೂ ಸಲ್ಲದು. ಮಾತ್ರೆ ಬಡಿತವನ್ನು ಒತ್ತಿ ಹಿಡಿದಿರುತ್ತದೆ.

ಮೆಟ್ಟಿಲು ಹತ್ತಿಳಿಯುವ ಕ್ವೀನ್ಸ್ ಕಾಲೇಜ್ ಪರೀಕ್ಷೆ ಮಳೆಗಾಲಕ್ಕೆ ಅನುಕೂಲ. 41.3 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ, ಮೂರು ನಿಮಿಷ; ಗಂಡಸರು ನಿಮಿಷಕ್ಕೆ 24 ಸಲ, ಹೆಂಗಸರು 22 ಸಲ ಹತ್ತಿಳಿಯಬೇಕು. ಒಂದು ಸಲ ಹತ್ತಿಳಿಯಲು ನಾಲ್ಕು ಹೆಜ್ಜೆ, ಹಾಗಾಗಿ ತಾಳ ಹಾಕುವ ಮೆಟ್ರೋನೋಮ್ ಆ್ಯಪ್‌ನಲ್ಲಿ 96 ಮತ್ತು 88 ಇಟ್ಟುಕೊಳ್ಳಿ. ನಿಂತ 5ನೇ ಸೆಕೆಂಡಿನಿಂದ 20ನೇ ಸೆಕೆಂಡಿನವರೆಗೆ ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ಗಂಡಸರಿಗೆ 111.33ರಿಂದ ಬಡಿತದ 0.42 ಪಟ್ಟು, ಹೆಂಗಸರಿಗೆ 65.81ರಿಂದ 0.1847 ಪಟ್ಟು ಕಳೆಯಬೇಕು. ಎಣಿಕೆಯಲ್ಲಿ ಒಂದು ಬಡಿತ ತಪ್ಪಿದರೂ ಗಂಡಸರ ಅಂಕಿ 1.7 ಪಲ್ಲಟವಾಗುತ್ತದೆ. ಕುಳ್ಳಗಿರುವವರಿಗೆ ಆ ಎತ್ತರ ಅನ್ಯಾಯ. ಬೇರೆ ದಾರಿಯಿಲ್ಲದಾಗ ಮಾತ್ರ ಸಾಕು.

ಕೈಗಡಿಯಾರ

ಗಾರ್ಮಿನ್ ಗಡಿಯಾರಗಳ ಲೆಕ್ಕದ ಹಿಂದೆ ಇರುವುದು ಫಿನ್ಲೆಂಡಿನ ಫಸ್ಟ್‌ಬೀಟ್. ಆ ಕಂಪನಿಯನ್ನು ಗಾರ್ಮಿನ್ 2020ರಲ್ಲಿ ಕೊಂಡಿತು. ಇಂಥ ವೇಗಕ್ಕೆ ಹೃದಯ ಇಷ್ಟು ಬಡಿಯುತ್ತಿದೆ, ಗರಿಷ್ಠ ಬಡಿತದಲ್ಲಿ ಎಷ್ಟು ವೇಗ ಸಾಧ್ಯ ಎಂದು ಮುಂದಕ್ಕೆ ಎಳೆದು ಊಹಿಸುವುದೇ ಅದರ ತಿರುಳು. ಆದ್ದರಿಂದ ಗಡಿಯಾರದಲ್ಲಿ ತುಂಬಿದ ಗರಿಷ್ಠ ಬಡಿತ ತಪ್ಪಾಗಿದ್ದರೆ ಎಲ್ಲವೂ ತಪ್ಪು. 220ರಿಂದ ವಯಸ್ಸು ಕಳೆದ ಅಂಕಿಯನ್ನು ಬಿಟ್ಟುಬಿಡಿ. 60 ವರ್ಷದವರಿಗೆ ಅದು 160 ಹೇಳಿದರೆ, 208ರಿಂದ ವಯಸ್ಸಿನ 0.7 ಪಟ್ಟು ಕಳೆಯುವ ಲೆಕ್ಕ 166 ಹೇಳುತ್ತದೆ. ಎರಡಕ್ಕಿಂತಲೂ, ಒಂದು ಕಡಿದಾದ ಏರಿನಲ್ಲಿ ಎದೆಯ ಪಟ್ಟಿ ಕಟ್ಟಿ ಜೋರಾಗಿ ಓಡಿ ಕಂಡುಕೊಂಡ ನಿಜವಾದ ಅಂಕಿ ಮೇಲು. ಮಣಿಕಟ್ಟಿನ ಬೆಳಕಿನ ಸೆನ್ಸರ್ ಕೆಲವೊಮ್ಮೆ ನಾಡಿಯ ಬದಲು ಹೆಜ್ಜೆಯ ಲಯವನ್ನೇ ಹಿಡಿದು ನಿಮಿಷಕ್ಕೆ 170 ಎಂದು ತೋರಿಸುತ್ತದೆ. ನಿಧಾನ ಓಟದಲ್ಲಿ 170 ಕಂಡರೆ ದಮ್ಮು ಕುಸಿದಿದೆ ಎಂದು ಗಡಿಯಾರ ತೀರ್ಪು ಕೊಡುತ್ತದೆ. ಸೆಕೆಯೂ ಇದೇ ಕೆಲಸ ಮಾಡುತ್ತದೆ. ತಿಂಗಳುಗಟ್ಟಲೆಯ ಏರಿಳಿತ ನೋಡುವುದಕ್ಕೆ ಗಡಿಯಾರ ಚೆನ್ನ. ನಿನ್ನೆ 47, ಇಂದು 46 ಎಂದು ಕೊರಗುವುದಕ್ಕಲ್ಲ.

ಶಾಲೆಯ ಪಿ.ಟಿ. ಮೇಷ್ಟ್ರಿಗೆ ಒಂದು ಮಾತು

ಖೇಲೋ ಇಂಡಿಯಾ ಶಾಲಾ ಪರೀಕ್ಷೆಗಳಲ್ಲಿ ದಮ್ಮಿಗಾಗಿ 600 ಮೀಟರ್ ಓಟ–ನಡಿಗೆ ಇದೆ. ಎರಡೂವರೆ–ಮೂರು ನಿಮಿಷದಲ್ಲಿ ಮುಗಿಯುವ ಈ ಓಟದಲ್ಲಿ ಚುರುಕು ಕಾಲಿನ ಮಗು ದಮ್ಮಿರುವ ಮಗುವನ್ನು ಸುಲಭವಾಗಿ ಹಿಂದಿಕ್ಕುತ್ತದೆ. ದಾಖಲೆಗೆ ಅದನ್ನು ಮಾಡಿಸಿ, ಆದರೆ ತಂಡ ಆರಿಸುವುದಕ್ಕೆ 20 ಮೀಟರ್ ಬೀಪ್ ಟೆಸ್ಟ್ ಮಾಡಿಸಿ. 8ರಿಂದ 19 ವರ್ಷದವರಿಗೆ ಲೇಜೆಯ ಬೇರೆ ಸೂತ್ರವಿದೆ: 31.025ಕ್ಕೆ ವೇಗದ 3.238 ಪಟ್ಟು ಕೂಡಿಸಿ, ವಯಸ್ಸಿನ 3.248 ಪಟ್ಟು ಕಳೆದು, ವೇಗ ಮತ್ತು ವಯಸ್ಸಿನ ಗುಣಲಬ್ಧದ 0.1536 ಪಟ್ಟು ಕೂಡಿಸುವುದು. 12 ವರ್ಷದ ಮಗು 10.5 ಕಿ.ಮೀ. ವೇಗದ ಹಂತ ಮುಗಿಸಿದರೆ 45.4. ದೊಡ್ಡವರ ಸೂತ್ರಕ್ಕೆ ಹಾಕಿದ್ದರೆ 35.6 ಬಂದು ಆ ಮಗು ಪಟ್ಟಿಯಿಂದ ಹೊರಗುಳಿಯುತ್ತಿತ್ತು. ಊಟವಾಗಿ ಎರಡು ಗಂಟೆ ಕಳೆದಿರಲಿ, ಜ್ವರ ಬಂದು ಹೋದ ಮಗು ಆ ವಾರ ಓಡುವುದು ಬೇಡ, ಎದೆ ನೋವು ಅಥವಾ ತಲೆ ಸುತ್ತು ಎಂದವರನ್ನು ಆ ಕ್ಷಣವೇ ನಿಲ್ಲಿಸಿ ಕೂರಿಸಿ. ಬಿಸಿಯೂಟದ ನಂತರದ ಪಿರಿಯಡ್‌ಗಿಂತ ಬೆಳಗಿನ ಪ್ರಾರ್ಥನೆಯ ನಂತರದ್ದು ಒಳ್ಳೆಯದು.